ಗಾಳಿ ಇಲ್ಲಿ, ಡೀಸೆಲ್ ಆಚೆ

ಅನ್ಯಾಯ ಎಂಬುದು ಕೋರ್ಟು ಕಚೇರಿಯಲ್ಲಿ ಮಾತ್ರ ಇರುತ್ತದೆ ಎಂದು ತಿಳಿದವರು ಒಂದು ವಾರ ಪೆಟ್ರೋಲ್ ಬಂಕಿನಲ್ಲಿ ನಿಂತು ನೋಡಬೇಕು. ನನ್ನ ಹತ್ತಿರ ಅದು ವಾರಕ್ಕೆ ಎರಡು ಸಲ, ಹಾರ್ನ್ ಹೊಡೆದುಕೊಂಡೇ ಬರುತ್ತಿತ್ತು.

ನಮ್ಮದು ಮೀನು ಹಿಡಿಯುವವರ ಮನೆ. ದೋಣಿ ಹತ್ತಿದರೆ ನನಗೆ ವಾಂತಿ. ನಾಲ್ಕು ಸಲ ನೋಡಿದ ಅಪ್ಪ, "ಇವ ಕಡಲಿಗೆ ಆಗುವ ಜನ ಅಲ್ಲ" ಎಂದು ಹೇಳಿ ಕಂಕನಾಡಿ ಹತ್ತಿರದ ಒಂದು ಬಂಕಿಗೆ ಸೇರಿಸಿದರು. ಫಳ್ನೀರಿನ ಕಡೆಯಿಂದ ಬಂದು ನೇತ್ರಾವತಿಯ ಕಡೆಗೆ ಹೋಗುವ ಗಾಡಿಗಳೆಲ್ಲ ನಮ್ಮ ಮೂಗಿನ ಮುಂದೆಯೇ ಹೋಗಬೇಕು. ಕಾಸರಗೋಡು ಕೇರಳಕ್ಕೆ ಸೇರಿ, ತಲಪಾಡಿಯಲ್ಲಿ ಗಡಿ ಬಂದಾಗಲೂ ನಮಗೆ ಎಂತದೂ ಆಗಲಿಲ್ಲ. ನಡುವೆ ಹೊಳೆ ಇತ್ತಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿಗೆ ಗಾಡಿ ಏರಿಸಿ, ಇಳಿಸಿ, ಅಷ್ಟು ಕಷ್ಟಪಟ್ಟು ಡೀಸೆಲಿಗೆ ಯಾರು ಹೋಗುತ್ತಾರೆ?

ಆಮೇಲೆ ಸೇತುವೆ ಆಯಿತು. ಊರೆಲ್ಲ ಸಂತೋಷಪಟ್ಟಿತು, ನಾವೂ ಪಟ್ಟೆವು. ತಿಂಗಳೊಳಗೆ ಗೊತ್ತಾಯಿತು, ಗಡಿಯಾಚೆ ತೆರಿಗೆ ಕಡಿಮೆ, ಡೀಸೆಲ್ ಲೀಟರಿಗೆ ಕೆಲವು ಪೈಸೆ ಅಗ್ಗ. ಒಬ್ಬೊಬ್ಬರೇ ಆಚೆ ಹೋಗತೊಡಗಿದರು. ಬಂಕಿನಲ್ಲಿ ಇಬ್ಬರು ಇದ್ದೆವು. ಬಂಕಿನ ದಣಿಗಳು ಇನ್ನೊಬ್ಬನನ್ನು ಮನೆಗೆ ಕಳುಹಿಸಿ ನನ್ನ ಕಡೆ ನೋಡಿ, "ಹೀಗೇ ಆದರೆ ಮುಂದೆ ನೀನು" ಎಂದರು. ನನಗೆ ಮದುವೆಯಾಗಿ ಎರಡು ತಿಂಗಳು.

ಇಲ್ಲಿಯ ಮಾತೆಲ್ಲ ಹೆಚ್ಚಾಗಿ ತುಳುವಿನಲ್ಲಿ ಆದದ್ದು. ಸಿಟ್ಟು ಮಾತ್ರ ಯಾವ ಭಾಷೆಯಲ್ಲಿ ಹೇಳಿದರೂ ಅಷ್ಟೇ ಉಂಟು.

ತುಳಿಯುವ ಕೆಲಸ

ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಒಬ್ಬ ಬ್ಯಾರಿ ಮುಸ್ಲಿಂ ಸಾಹುಕಾರರು ಇದ್ದರು. ಅವರದ್ದೊಂದು ಹಳೆಯ ಪಿಕಪ್. ಪೆಟ್ರೋಲಿನ ಇಂಜಿನ್ ಕಿತ್ತು ಡೀಸೆಲಿನದ್ದು ಕೂರಿಸಿದ್ದರು. ಬಿಳಿ ಅಂಗಿ, ಬಿಳಿ ಟೊಪ್ಪಿ, ಬಹಳ ಮರ್ಯಾದೆಯ ಮನುಷ್ಯ. ಗಾಡಿಯನ್ನು ಅವರೇ ಬಿಡುತ್ತಿದ್ದರು.

ಒಂದು ದಿನ ಬಂದು ನೆರಳಿನಲ್ಲಿ ನಿಲ್ಲಿಸಿದರು. "ಸ್ವಲ್ಪ ಗಾಳಿ ನೋಡು ಮಾರಾಯ."

ನಮ್ಮ ಬಂಕಿನಲ್ಲಿ ಆಗ ಗಾಳಿಗೆ ಯಂತ್ರ ಇರಲಿಲ್ಲ. ಕಾಲಿನಲ್ಲಿ ತುಳಿಯುವ ಪಂಪು. ನಾಲ್ಕು ಚಕ್ರ ತುಳಿದೆ. ಸ್ಟೆಪ್ನಿಗೂ ತುಳಿದೆ. ರೇಡಿಯೇಟರಿಗೆ ಬಾವಿಯಿಂದ ನೀರು ಸೇದಿ ತಂದು ಹೊಯ್ದೆ. ಎದುರಿನ ಗಾಜು ಒರೆಸಿದೆ. ಬನಿಯನ್ ಹಿಂಡುವ ಹಾಗೆ ಆಗಿತ್ತು. ಇನ್ನು ಟ್ಯಾಂಕ್ ತುಂಬಿಸುವುದು ಎಂದು ಡೀಸೆಲ್ ಪಂಪಿನ ಹಿಡಿಕೆಗೆ ಕೈ ಹಾಕಿ ಕೇಳಿದೆ, "ಎಷ್ಟು ಲೀಟರ್ ಸಾಹುಕಾರ್ರೇ?"

"ಡೀಸೆಲ್ ಬೇಡ. ಅದು ಆಚೆ ಹಾಕಿಸ್ತೇನೆ."

ನನಗೆ ತಡೆಯಲಿಲ್ಲ. "ಹಾಗಾದರೆ ಗಾಳಿಯೂ ಅಲ್ಲೇ ಹಾಕಿಸಬಹುದಿತ್ತಲ್ಲ?"

ಸಾಹುಕಾರರು ನನ್ನ ಹೆಗಲ ಮೇಲೆ ಕೈ ಇಟ್ಟು ಪ್ರೀತಿಯಿಂದ ಹೇಳಿದರು, "ಅಲ್ಲಿ ಅಗ್ಗಕ್ಕೆ ಸಿಗುವುದು ಡೀಸೆಲ್ ಮಾತ್ರ. ನಿನ್ನಂಥ ಒಳ್ಳೆಯ ಜನ ಅಲ್ಲಿ ಸಿಗುವುದಿಲ್ಲ."

ಹೋದ ಮೇಲೆ ದಣಿಗಳು ಬೈದದ್ದು ಅವರಿಗಲ್ಲ, ನನಗೆ.

ಬೋರ್ಡು

ದಣಿಗಳು ಮರುದಿನವೇ ಒಂದು ಹಲಗೆ ಬರೆಸಿ ತೂಗಹಾಕಿದರು. "ಡೀಸೆಲ್ ಹಾಕಿಸುವವರಿಗೆ ಮಾತ್ರ ಗಾಳಿ."

ಸಾಹುಕಾರರು ಬಂದರು, ಬೋರ್ಡನ್ನು ನಿಧಾನಕ್ಕೆ ಓದಿದರು. "ನ್ಯಾಯ ಉಂಟು" ಎಂದರು. ಕಾಲು ಲೀಟರ್ ಹಾಕಿಸಿಕೊಂಡು ಐದು ಚಕ್ರಕ್ಕೂ ಗಾಳಿ ತುಳಿಸಿಕೊಂಡು ಹೋದರು. ಟ್ಯಾಂಕಿಗೆ ಹೋದದ್ದಕ್ಕಿಂತ ನನ್ನ ಮೈಯಿಂದ ಇಳಿದದ್ದು ಹೆಚ್ಚು.

ದಣಿಗಳು ಬೋರ್ಡು ತಿದ್ದಿಸಿದರು. "ಹತ್ತು ಲೀಟರ್ ಡೀಸೆಲ್ ಹಾಕಿಸುವವರಿಗೆ ಮಾತ್ರ ಗಾಳಿ."

ಹೊಸ ಬೋರ್ಡಿಗೆ ಮೊದಲು ಬಂದವರು ನಿವೃತ್ತ ಮೇಷ್ಟ್ರು. ದಣಿಗಳಿಗೆ ಅಕ್ಷರ ಕಲಿಸಿದವರು. ಹದಿನೈದು ವರ್ಷದಿಂದ ವಾರಕ್ಕೊಮ್ಮೆ ಸೈಕಲಿಗೆ ನಮ್ಮಲ್ಲೇ ಗಾಳಿ. ಕನ್ನಡಕ ಏರಿಸಿ ಬೋರ್ಡು ಓದಿ, ಸೈಕಲನ್ನು ದಣಿಗಳ ಮೇಜಿನವರೆಗೆ ತಳ್ಳಿಕೊಂಡು ಹೋದರು.

"ಹತ್ತು ಲೀಟರ್ ಹಾಕು ಮಗಾ" ಎಂದರು. "ಎಲ್ಲಿ ಹಾಕುವುದು ಎಂದು ಮಾತ್ರ ತೋರಿಸು."

ಬೋರ್ಡು ಸಂಜೆಗೆ ಇಳಿಯಿತು. ಅದನ್ನು ಈಗಲೂ ಎಣ್ಣೆ ಡಬ್ಬಿ ಮುಚ್ಚಲಿಕ್ಕೆ ಇಟ್ಟಿದ್ದಾರಂತೆ.

ಸೇತುವೆಯ ಮೇಲೆ

ಆಚೆ ಹೋಗಿ ತುಂಬಿಸುವವರ ಟ್ಯಾಂಕು ಈಚೆಯಿಂದ ಹೊರಡುವಾಗ ಯಾವಾಗಲೂ ಒಣಗಿಯೇ ಇರುತ್ತದೆ. ಇದ್ದದ್ದರಲ್ಲಿ ಗಡಿಯವರೆಗೆ ಮುಟ್ಟಿದರೆ ಸಾಕು ಎಂಬ ಲೆಕ್ಕ. ಒಂದು ಬೆಳಿಗ್ಗೆ ಸಾಹುಕಾರರ ಲೆಕ್ಕ ಸೇತುವೆಯ ನಟ್ಟನಡುವೆ ತಪ್ಪಿತು. ಬಸ್ಸಿನ ಕಂಡಕ್ಟರ್ ಒಬ್ಬ ಬಂದು ಹೇಳಿದ, "ನಿಮ್ಮ ಬ್ಯಾರಿ ಸಾಹುಕಾರರು ಹೊಳೆಯ ಮೇಲೆ ನಿಂತಿದ್ದಾರೆ. ಡೀಸೆಲ್ ತೆಗೆದುಕೊಂಡು ಬರಬೇಕಂತೆ."

ಸುಳ್ಳು ಯಾಕೆ ಹೇಳಲಿ, ನನಗೆ ಹಬ್ಬದಷ್ಟು ಖುಷಿಯಾಯಿತು. ಎರಡು ಲೀಟರ್ ಡಬ್ಬಿಯಲ್ಲಿ ಹಾಕಿ, ಸೈಕಲಿಗೆ ಕಟ್ಟಿ, ಹೇಳಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ತುಳಿದೆ.

ಸಾಹುಕಾರರು ಬಿಸಿಲಿನಲ್ಲಿ ಕರವಸ್ತ್ರ ತಲೆಗೆ ಹಾಕಿ ನಿಂತಿದ್ದರು. ಮುಖ ನೋಡಿ ನನ್ನ ಬಾಯಿಪಾಠ ಮರೆತುಹೋಯಿತು. ಡೀಸೆಲ್ ಇಂಜಿನ್ ಒಮ್ಮೆ ಒಣಗಿದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಆ ಗಾಳಿ ಬಿಡಿಸದೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಸಾಹುಕಾರರಿಗೆ ಅದು ಗೊತ್ತಿರಲಿಲ್ಲ. ನಾನೇ ಬಾನೆಟ್ಟಿನೊಳಗೆ ತಲೆ ಹಾಕಿ, ಬೋಲ್ಟ್ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಪಂಪು ಒತ್ತಿದೆ. ಆ ಗಾಡಿಗೆ ಗಾಳಿ ಹಾಕುವವನೂ ನಾನೇ, ತೆಗೆಯುವವನೂ ನಾನೇ.

ಇಂಜಿನ್ ಸ್ಟಾರ್ಟ್ ಆಯಿತು. ಸಾಹುಕಾರರು ಹಣ ಕೊಟ್ಟರು. ಇನ್ನು ಬುದ್ಧಿ ಬಂದಿರಬೇಕು ಎಂದುಕೊಂಡೆ.

"ಇಷ್ಟರಲ್ಲಿ ತಲಪಾಡಿ ದಾಟಬಹುದಲ್ಲ?" ಎಂದು ಕೇಳಿದರು.

ನಾನು ಖಾಲಿ ಡಬ್ಬಿಯನ್ನು ಸೈಕಲಿಗೆ ಕಟ್ಟತೊಡಗಿದೆ. ಪಾಪ, ಅವರಿಗೂ ಮನಸ್ಸಿಗೆ ಹೇಗೋ ಆಗಿರಬೇಕು, ಗಾಡಿಯ ಹಿಂದಿನಿಂದ ಒಂದು ಕಟ್ಟು ಒಣಮೀನು ತೆಗೆದು ನನ್ನ ಸೈಕಲಿಗೆ ಕಟ್ಟಿದರು. ಮನೆಯಲ್ಲಿ ಅಪ್ಪ ಕಟ್ಟು ಬಿಚ್ಚಿ, ಒಂದು ಮೀನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದು ನಮ್ಮದೇ" ಎಂದರು. "ಹಾಳಾಗಿದೆ ಎಂದು ಹೇಳಿ ಅರ್ಧ ಕ್ರಯಕ್ಕೆ ತೆಗೆದುಕೊಂಡು ಹೋಗಿದ್ದರು."

ಅತ್ತೆ ಮನೆ

ದಣಿಗಳಿಗೆ ಕಡೆಗೆ ಒಂದು ಯೋಚನೆ ಬಂತು. ಆಚೆಯ ಬಂಕಿನಲ್ಲಿ ಖಂಡಿತ ಎಂತಾದರೂ ಕಲಬೆರಕೆ ಮಾಡುತ್ತಾರೆ, ನೀನು ಹೋಗಿ ಗುಟ್ಟಾಗಿ ನೋಡಿಕೊಂಡು ಬಾ ಎಂದರು. ನಾನು ಖಾಕಿ ಬಿಚ್ಚಿ, ಮದುವೆಯ ಅಂಗಿ ಹಾಕಿ, ರಸ್ತೆ ಬದಿಯಲ್ಲಿ ಬಸ್ಸಿಗೆ ನಿಂತೆ. ಬಸ್ಸಿಗಿಂತ ಮೊದಲು ಸಾಹುಕಾರರ ಪಿಕಪ್ ಬಂತು.

"ಎಲ್ಲಿಗೆ, ಇಷ್ಟು ಚಂದ ಮಾಡಿಕೊಂಡು?"

"ಮಂಜೇಶ್ವರಕ್ಕೆ. ಸೋದರತ್ತೆ ಮನೆಗೆ."

"ಹತ್ತು ಹತ್ತು, ನಾನೂ ಆ ಕಡೆಗೇ."

ದಾರಿಯುದ್ದಕ್ಕೂ ಅತ್ತೆಯ ಆರೋಗ್ಯ, ಅತ್ತೆಯ ಮಕ್ಕಳು, ಅತ್ತೆಯ ದನ ಎಲ್ಲ ವಿಚಾರಿಸಿದರು. ಇಲ್ಲದ ಅತ್ತೆಗೆ ನಾನು ಮೂರು ಮಕ್ಕಳನ್ನೂ ಒಂದು ಹಸುವನ್ನೂ ಕೊಟ್ಟೆ. ಗಡಿ ದಾಟಿ ಆಚೆಯ ಬಂಕಿನ ಎದುರು ಗಾಡಿ ನಿಲ್ಲಿಸಿ ಸಾಹುಕಾರರು ನನ್ನ ಕಡೆಯ ಬಾಗಿಲು ತೆರೆದರು. "ಇಳಿ. ಅತ್ತೆ ಮನೆ ಬಂತು."

ಅಲ್ಲಿಯ ಪಂಪಿನವ ನನ್ನ ವಯಸ್ಸಿನವನೇ. ಅವನೂ ತುಳುವೇ ಮಾತಾಡಿದ. ಎದುರಿನಲ್ಲಿ ಏಳು ಗಾಡಿ ನಿಂತಿದ್ದವು, ಏಳೂ ನಮ್ಮ ಊರಿನವು. ನಾನು ದಣಿಗಳ ಕೆಲಸ ಮರೆಯದೆ ಮೆಲ್ಲಗೆ ಕೇಳಿದೆ, "ಈ ಡೀಸೆಲ್ ಎಲ್ಲಿಂದ ಬರ್ತದೆ?"

"ಎಲ್ಲಿಂದ ಎಂತ? ಮಂಗಳೂರಿನಿಂದ. ನಿಮ್ಮ ಡಿಪೋದಿಂದಲೇ ಟ್ಯಾಂಕ್ ಲಾರಿ ಬರುವುದು."

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ನನ್ನ ಮೂಗಿನ ಮುಂದೆಯೇ ಹೋಗುವ ಡೀಸೆಲ್, ಹೊಳೆ ದಾಟಿ ಅಗ್ಗವಾಗಿ, ಬೇರೆಯವರ ಟ್ಯಾಂಕಿನಲ್ಲಿ ಕುಳಿತು ಪುನಃ ನನ್ನ ಮೂಗಿನ ಮುಂದೆಯೇ ವಾಪಸ್ಸು ಬರುತ್ತಿತ್ತು. ದಣಿಗಳಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಕಲಬೆರಕೆ ಉಂಟಾ ಎಂದು ಅವರು ಕೇಳಿದಾಗ, "ಉಂಟು ದಣಿಗಳೇ, ಪೂರ್ತಿ ನಮ್ಮದೇ" ಎಂದೆ.

ಸಾಕ್ಷಿ

ಅದೇ ದಿನ ಸಾಹುಕಾರರ ಜೊತೆಗೇ ವಾಪಸ್ಸು ಬರುವಾಗ ಗಡಿಯ ಚೆಕ್‌ಪೋಸ್ಟಿನಲ್ಲಿ ನಮ್ಮ ಸರಕಾರದ ಒಬ್ಬ ಇನ್ಸ್‌ಪೆಕ್ಟರ್ ಪಿಕಪ್ಪಿನ ಅಡಿಗೆ ಬಗ್ಗಿ ನೋಡಿದರು.

"ಇದಕ್ಕೆ ಎರಡು ಟ್ಯಾಂಕ್ ಯಾಕೆ?"

"ಒಂದು ಹೋಗಲಿಕ್ಕೆ ಸಾರ್, ಇನ್ನೊಂದು ಬರಲಿಕ್ಕೆ" ಎಂದರು ಸಾಹುಕಾರರು.

"ಆಚೆಯಿಂದ ಡೀಸೆಲ್ ತರ್ತೀರಾ?"

"ನಾನಾ?" ಸಾಹುಕಾರರ ಮುಖ ನೋಡಿದರೆ ಯಾರಿಗಾದರೂ ಕಣ್ಣೀರು ಬರಬೇಕು. "ನನ್ನ ಪಕ್ಕದಲ್ಲಿ ಕುಳಿತವನನ್ನು ಕೇಳಿ ಸಾರ್. ಕಂಕನಾಡಿ ಬಂಕಿನವ. ನಾನು ಕಾಯಂ ಇವರ ಗಿರಾಕಿ ಹೌದೋ ಅಲ್ಲವೋ, ಇವನೇ ಹೇಳಲಿ."

ಇನ್ಸ್‌ಪೆಕ್ಟರ್ ನನ್ನನ್ನು ನೋಡಿದರು. ನನ್ನ ಅನ್ನಕ್ಕೆ ಕಲ್ಲು ಹಾಕಿದ ಡೀಸೆಲ್ ನನ್ನ ಕಾಲಿನ ಅಡಿಯಲ್ಲೇ ಕುಲುಕುತ್ತಿತ್ತು. ಅಲ್ಲ ಎಂದರೆ ನ್ಯಾಯ ಗೆಲ್ಲುತ್ತಿತ್ತು, ನಿಜ. ಆದರೆ ಮಧ್ಯಾಹ್ನದ ಬಿಸಿಲು, ಜೇಬಿನಲ್ಲಿ ಬಸ್ಸಿಗೆ ಕಾಸಿಲ್ಲ. ಇದ್ದ ಚಿಲ್ಲರೆಯೆಲ್ಲ ಆಚೆ ಊಟಕ್ಕೆ ಆಗಿತ್ತು.

"ಹೌದು ಸಾರ್" ಎಂದೆ. "ವಾರಕ್ಕೆ ಎರಡು ಸಲ ಬರ್ತಾರೆ."

ಅದು ಸುಳ್ಳೂ ಅಲ್ಲ. ಬರುತ್ತಿದ್ದರು.

ಕ್ಯೂ

ಕಡೆಗೆ ಒಂದು ದಿನ ದೇವರು ಕಣ್ಣು ಬಿಟ್ಟ. ಆಚೆಯ ಸರಕಾರ ತೆರಿಗೆ ಏರಿಸಿತು. ಒಂದೇ ವಾರದಲ್ಲಿ ನಮ್ಮ ಡೀಸೆಲ್ ಅಗ್ಗ, ಅವರದ್ದಕ್ಕೆ ಕ್ರಯ ಹೆಚ್ಚು. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಗಾಡಿಗಳು ಸಾಲುಗಟ್ಟಿ ಬಂದವು. ದಣಿಗಳು ಆ ಇನ್ನೊಬ್ಬನನ್ನು ಪುನಃ ಮನೆಯಿಂದ ಕರೆಸಿಕೊಂಡರು. ಪಂಪಿನ ಹಿಡಿಕೆ ತಿರುಗಿಸಿ ತಿರುಗಿಸಿ ನನ್ನ ಕೈ ಊದಿತು. ಹೆಂಡತಿ ಎಣ್ಣೆ ತಿಕ್ಕುವಾಗ ನಾನು ನಗುತ್ತಿದ್ದೆ.

ಮೂರನೆಯ ದಿನ ಸಾಲಿನಲ್ಲಿ ಹನ್ನೊಂದನೆಯದು ಸಾಹುಕಾರರ ಪಿಕಪ್. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಒಂದು ಗಾಡಿಗೆ ಹಾಕಲಿಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳಬಹುದೋ ಅಷ್ಟು ತೆಗೆದುಕೊಂಡೆ. ಅರ್ಧ ಗಂಟೆ ಕಳೆಯಿತು. ಸಾಹುಕಾರರು ಇಳಿದು ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು. ಅಷ್ಟು ಸಿಟ್ಟಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಇವರೆಲ್ಲ ಎಲ್ಲಿಯವರು?"

"ಆಚೆಯವರು."

"ಆಚೆಯವರಿಗೆ ಇಲ್ಲಿ ಎಂತ ಕೆಲಸ? ಅವರ ಊರಿನಲ್ಲಿ ಬಂಕ್ ಇಲ್ಲವಾ? ನಾಲ್ಕು ಪೈಸೆ ಉಳೀತದೆ ಎಂದು ಗಡಿ ದಾಟಿ ಬರುವುದಾ? ನಮ್ಮ ಊರಿನ ಡೀಸೆಲ್ ಅವರು ತೆಗೆದುಕೊಂಡು ಹೋದರೆ ನಮ್ಮ ಊರಿನವರು ಎಲ್ಲಿಗೆ ಹೋಗುವುದು? ಮನುಷ್ಯ ಅಂದ ಮೇಲೆ ಸ್ವಲ್ಪ ನಾಚಿಕೆ ಬೇಡವಾ?"

ನನ್ನ ಕೈಯಲ್ಲಿದ್ದ ಪೈಪಿನಿಂದ ಡೀಸೆಲ್ ತುಂಬಿ ಚೆಲ್ಲಿ ನನ್ನ ಪಾದದ ಮೇಲೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಸಾಹುಕಾರರು ಇನ್ನೂ ಹತ್ತು ನಿಮಿಷ ನಿಂತು, ಗಡಿಯಾರ ನೋಡಿ, ನನ್ನ ಹತ್ತಿರ ಒಂದು ಮಾತು ಹೇಳಿ, ಗಾಡಿ ತಿರುಗಿಸಿ ಹೊರಟೇ ಹೋದರು.

ದಣಿಗಳು ಮೇಜು ಬಿಟ್ಟು ಎದ್ದು ಬಂದರು. "ಎಲ್ಲಿಗೆ ಹೋದರು?"

"ಆಚೆಗೆ."

"ಆಚೆಗಾ? ಅಲ್ಲಿ ಈಗ ಕ್ರಯ ಹೆಚ್ಚಲ್ಲವಾ?"

"ದಣಿಗಳೇ, ಹೆಚ್ಚಾದರೆ ಆಗಲಿ ಎಂದರು ಸಾಹುಕಾರರು. ಅಲ್ಲಿ ಕ್ಯೂ ಇಲ್ಲವಂತೆ."