ಅಡಗಲು ಜಾಗ ಬಿಡದ ವರದಿಗೆ

ಪರಮ ಮಾನ್ಯರಾದ ರಾಷ್ಟ್ರೀಯ ಎಚ್‌ಐವಿ ಸಮೀಕ್ಷಾ ವರದಿಯವರೇ,

ಸಿಟೆಕಿ ಊರಿನ ಈ ಬಿಸಿಲಿನಲ್ಲಿ ಬೆವರೊರೆಸಿಕೊಳ್ಳುತ್ತ, ತಮ್ಮ ಸಮಸ್ತ ಕೋಷ್ಟಕಗಳಿಗೂ ಅಡಿಟಿಪ್ಪಣಿಗಳಿಗೂ ತಲೆಬಾಗಿ ನಮಸ್ಕರಿಸುತ್ತೇನೆ.

ಆಫ್ರಿಕಾದ ನಮ್ಮ ಪುಟ್ಟ ಎಸ್ವಾಟಿನಿ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರಿಗೆ ಸೋಂಕಿದೆಯೆಂಬ ಕಷ್ಟದ ಮಾತನ್ನು ಮೊದಲ ಪುಟದಲ್ಲೇ ಹೇಳಿ ಮುಗಿಸಿ, ಸೋಂಕಿರುವ ನೂರರಲ್ಲಿ ಸುಮಾರು ತೊಂಬತ್ತೈದು ಮಂದಿಗೆ ಅದು ಗೊತ್ತಿದೆ, ಗೊತ್ತಿರುವವರು ಬಹುತೇಕ ಎಲ್ಲರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬ ಹೆಮ್ಮೆಯ ಮಾತಿಗೆ ತಾವು ದಾಟುತ್ತೀರಿ. ನನ್ನ ದೂರಿರುವುದು ಆ ಹೆಮ್ಮೆಯ ಮೇಲೆಯೇ. ಗೊತ್ತಿಲ್ಲದವರೇ ಹೆಚ್ಚಿದ್ದ ಕಾಲದಲ್ಲಿ ಹೇಡಿಗಳಿಗೆ ಎಂಥ ವಿಶಾಲವಾದ ಮರೆಯಿತ್ತು! ಈಗ ಉಳಿದ ಐದೇ ಮಂದಿಯ ಬೆನ್ನ ಹಿಂದೆ ನನ್ನಂಥ ಉದ್ದಕಾಲಿನವಳು ಅಡಗುವುದು ಹೇಗೆ?

ಆರು ತಿಂಗಳ ಹಿಂದೆ ನನ್ನ ಹಳೆಯ ಪ್ರೇಮಿ ಫೋನು ಮಾಡಿ, ತನಗೆ ಸೋಂಕಿರುವುದನ್ನು ತಿಳಿಸಿ, "ನೀನೂ ಒಂದ್ಸಲ ನೋಡಿಸ್ಕೊ" ಎಂದ. ಸಾಹಿತ್ಯದ ಪದವೀಧರೆಯಾದ ನಾನು ಆ ವಾಕ್ಯದ ಧ್ವನ್ಯರ್ಥವನ್ನು ಆರು ತಿಂಗಳು ಚಿಂತಿಸಿದೆನೇ ಹೊರತು ವಾಚ್ಯಾರ್ಥದ ಹತ್ತಿರ ಸುಳಿಯಲಿಲ್ಲ. ಬದಲಿಗೆ, ಮನೆಮನೆಗೆ ಹೋಗಿ ಪರರಿಗೆ ಪರೀಕ್ಷೆಯ ಮಹತ್ವ ಬೋಧಿಸುವ ತಮ್ಮ ಸಮೀಕ್ಷೆಯ ಕೆಲಸಕ್ಕೇ ಸೇರಿಕೊಂಡೆ. ಪ್ರಶ್ನೆ ಕೇಳುವವಳನ್ನು ಯಾರೂ ಪ್ರಶ್ನೆ ಕೇಳುವುದಿಲ್ಲವೆಂದು ನಂಬಿದ್ದೆ.

ಇಂದು ಸಮೀಕ್ಷೆಗೆ ಹೋದ ಮನೆಯ ಲಾಮಾತ್ಸೆಬುಲ ಅಜ್ಜಿ ಕೇಳಿದರು.

"ಅಲ್ಲ ಮಗಾ, ಊರವರ ಬೆರಳಿಗೆಲ್ಲ ಸೂಜಿ ಚುಚ್ಚಿಸ್ತೀಯಲ್ಲ, ನಿಂದು ನೋಡಿಸ್ಕೊಂಡಿದೀಯಾ?"

"ನಾನು ಬರೀ ಬರ್ಕೊಳ್ಳೋಳು ಅಜ್ಜಿ."

"ಬರ್ಕೊಳ್ಳೋರ ಮೈಯಲ್ಲೇನು ಶಾಯಿ ಹರಿಯತ್ತಾ? ಹದಿನಾರು ವರ್ಷದಿಂದ ಮಾತ್ರೆ ನುಂಗ್ತಿದೀನಿ, ಸತ್ತಿದೀನಾ? ನೀಡು ಕೈನ!"

ನಮ್ಮ ತಂಡದ ದಾದಿ ಫಿಕಿಲೆ ನಗು ತಡೆಯಲಾಗದೆ ನನ್ನ ಬೆರಳು ಹಿಡಿದುಕೊಂಡಳು. ಫಲಿತಾಂಶಕ್ಕೆ ಇಪ್ಪತ್ತು ನಿಮಿಷ ಕಾಯಬೇಕಂತೆ. ಆ ಬಿಡುವಿನಲ್ಲಿ ಅಜ್ಜಿಯ ಅಂಗಳದಲ್ಲಿ ಕೂತು ಈ ಮನವಿ ಬರೆಯುತ್ತಿದ್ದೇನೆ. ದಯಮಾಡಿ ತಮ್ಮ ಯಾವುದಾದರೊಂದು ದಶಮಾಂಶ ಬಿಂದುವಿನ ಹಿಂದೆ, ಒಳಗಿನಿಂದ ಚಿಲಕವಿರುವ ಸಣ್ಣ ಕೋಣೆಯೊಂದನ್ನು ನನಗೆ ಮಂಜೂರು ಮಾಡಬೇಕು; ಅದಾಗದಿದ್ದರೆ ಅಂಕಿಗಳನ್ನು ಪೂರ್ಣಾಂಕಕ್ಕೆ ತರುವಾಗ ನನ್ನನ್ನು ಸದ್ದಿಲ್ಲದೆ ಉದುರಿಸಿಬಿಡಬೇಕು.

ತಮ್ಮ ಪ್ರಗತಿಗೆ ಅಡ್ಡಬಂದುದಕ್ಕೆ ನಾಚಿರುವ,
ತಮ್ಮ ವಿಶ್ವಾಸಿ,
ಟೆಮಲಂಗೇನಿ ಮಾವೂಸೊ

ತಾಜಾ ಕಲಂ: ಗೆರೆ ಎರಡು ಬಂದಿವೆ, ಅಂದರೆ ಸೋಂಕಿದೆ. ಮತ್ತೊಂದು ಬಗೆಯ ಪರೀಕ್ಷಾ ಪಟ್ಟಿಯಲ್ಲಿ ನೋಡಿದರೂ ಎರಡೇ. ನಾನು ಅತ್ತುಬಿಟ್ಟೆ. ಅಜ್ಜಿ ಹುಳಿಮೊಸರು ಕಲಸಿದ ಮೆಕ್ಕೆಜೋಳದ ನುಚ್ಚನ್ನು ಮುಂದಿಟ್ಟು, "ತಿನ್ನು. ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ, ಆ ಸಾಲಲ್ಲಿ ನನಗೆಲ್ಲರೂ ಗೊತ್ತು" ಎಂದರು. ಮುಂದಿನ ವರದಿಯಲ್ಲಿ ತಮ್ಮ ತೊಂಬತ್ತೈದು ಕೂದಲೆಳೆಯಷ್ಟು ಮೇಲೇರಿದರೆ ದಯವಿಟ್ಟು ತಾವೇ ಬೀಗಬೇಡಿ. ಪರೀಕ್ಷೆಗೆ ಪ್ರೇರಣೆ ಎಲ್ಲಿಂದ ಎಂಬ ತಮ್ಮ ಪ್ರಶ್ನೆಯ ಕೆಳಗೆ ರೇಡಿಯೊ, ಆಸ್ಪತ್ರೆ, ಭಿತ್ತಿಪತ್ರ ಎಂಬ ಮೂರೇ ಚೌಕಗಳಿವೆ. ನಾಲ್ಕನೆಯದನ್ನು ನಾನೇ ಪೆನ್ನಿನಿಂದ ಗೀಚಿ, 'ಅಜ್ಜಿ' ಎಂದು ಬರೆದು, ಗುರುತು ಹಾಕಿದ್ದೇನೆ.