ಹುರಿದ ಮಿಡತೆಗಳ ಮುಂದೆ ಮೌನ ಆಚರಿಸುವ ಬಗ್ಗೆ

ಕ್ರಮಾಂಕ: ಊಟ/ಮಿಡತೆ/ಮೌನ/೭

ವಿಷಯ: ಕಚೇರಿ ಕ್ಯಾಂಟೀನಿನಲ್ಲಿ ಬಡಿಸುವ ಮಿಡತೆಗಳಿಗೆ ಸಲ್ಲಬೇಕಾದ ಗೌರವ ಸಲ್ಲಿಸಿ, ಕಚೇರಿ ಮುಚ್ಚುವುದರೊಳಗೆ ಊಟ ಮುಗಿಸುವ ಕುರಿತು.

ಉಲ್ಲೇಖ: (೧) ಮಾಂಸದ ಬದಲು ಮಿಡತೆ ಬಡಿಸಲು ಮೇಲಿನ ಕಚೇರಿಯ ಆದೇಶ.
(೨) ಉಣ್ಣುವ ಮುನ್ನ ಪ್ರತಿ ಜೀವಕ್ಕೂ ಒಂದು ನಿಮಿಷ ಮೌನವೆಂಬ ಈ ಕಚೇರಿಯ ಹಳೆಯ ಸುತ್ತೋಲೆ.
(೩) ಸಿಬ್ಬಂದಿಯ ಊಟ ಮುಗಿಯಲೆಂದು ಸರತಿಯಲ್ಲಿ ಕಾದು ನಿಂತ ಸಾರ್ವಜನಿಕರ ಕೂಗು (ಮೌಖಿಕ).

ಮಿಡತೆಗೆ ಮೇವು ಕಡಿಮೆ, ನೀರು ಕಡಿಮೆ, ಒಂದು ಪೆಟ್ಟಿಗೆಯಷ್ಟು ಜಾಗ ಸಾಕು. ಪ್ರೋಟೀನ್ ಮಾತ್ರ ಧಾರಾಳ. ಭೂಮಿಗೆ ಭಾರವಾಗದ ಈ ಆಹಾರವನ್ನು ಕಚೇರಿಯು ಸಂತೋಷದಿಂದ ಸ್ವೀಕರಿಸಿದೆ. ಆದರೆ ಹಳೆಯ ಸುತ್ತೋಲೆ ಬರೆದಾಗ ಒಂದು ಆಡು ಇಡೀ ಕಚೇರಿಗೆ ಆಗುತ್ತಿತ್ತು, ಒಂದು ನಿಮಿಷ ಸಾಲುತ್ತಿತ್ತು. ಈಗ ಒಂದು ತಟ್ಟೆಯಲ್ಲಿ ಒಂದು ಊರೇ ಇದೆ. ಮೊದಲ ದಿನ ಸಿಬ್ಬಂದಿ ತಲೆ ತಗ್ಗಿಸಿ ಕುಳಿತಂತೆಯೇ ಸಂಜೆಯಾಗಿ, ತಟ್ಟೆಗಳು ತುಂಬಿದಂತೆಯೇ ಹಿಂದಿರುಗಿದವು. ಹೀಗೇ ಮುಂದುವರಿದಲ್ಲಿ ಕ್ಯಾಂಟೀನನ್ನು ಮುಚ್ಚಿ, ಎಲ್ಲರೂ ಅತ್ತೆ ಎಂದು ಕರೆಯುವ ಅಡುಗೆಯವರನ್ನು ಕೆಲಸದಿಂದ ಬಿಡುಗಡೆ ಮಾಡುವುದಾಗಿ ಮೇಲಿನ ಕಚೇರಿ ತಿಳಿಸಿತು. ಆದಕಾರಣ ಎಲ್ಲರ ಗಮನಕ್ಕೆ ತರುವುದೇನೆಂದರೆ:

೧. ಕಳಚಿದ ಕಾಲನ್ನು ಪ್ರತ್ಯೇಕ ಜೀವವೆಂದು ಪರಿಗಣಿಸತಕ್ಕದ್ದಲ್ಲ. ತಲೆಯ ವಿಷಯದಲ್ಲಿ ಸಂಶಯವಿದ್ದಲ್ಲಿ ಶಾಖೆಯ ಮುಖ್ಯಸ್ಥರಿಗೆ ತೋರಿಸುವುದು. ಅವರು ಅದನ್ನು ತಿನ್ನುವಂತಿಲ್ಲ.

೨. ಮಿಡತೆಗಳನ್ನು ಹಿಟ್ಟು ಮಾಡಿ ಒಂದೇ ಮೌನದಲ್ಲಿ ಮುಗಿಸುವ ಲೆಕ್ಕಪತ್ರ ಶಾಖೆಯ ಸಲಹೆಯನ್ನು ತಿರಸ್ಕರಿಸಲಾಗಿದೆ. ದೇವರ ಎದುರು ಜಾಣತನ ನಡೆಯುವುದಿಲ್ಲ.

೩. ಟಪಾಲು ಗುಮಾಸ್ತರು “ಅತ್ತೇ, ನಂಗೆ ಸಣ್ಣ ಸಂಸಾರ ನೋಡಿ ಹಾಕಿ” ಎಂದು ಕೇಳಿರುವುದೂ, ಅದಕ್ಕೆ ಅತ್ತೆಯವರು “ಊಟಕ್ಕೆ ಬಂದ್ಯೋ, ಸಾವಿನ ಮನೆಗೆ ಬಂದ್ಯೋ?” ಎಂದಿರುವುದೂ ದಾಖಲಾಗಿದೆ. ಇಬ್ಬರೂ ಮೌನ ಆಚರಿಸತಕ್ಕದ್ದು. ಆದರೆ ದೂರ ದೂರ ಕುಳಿತು.

೪. ಬಾಣಲೆಯಿಂದ ತಪ್ಪಿಸಿಕೊಂಡು ಜಿಗಿದ ಮಿಡತೆಯನ್ನು ಅರ್ಜಿದಾರರೆಂದು ಪರಿಗಣಿಸಿ ಕಿಟಕಿಯವರೆಗೆ ಬಿಟ್ಟು ಬರುವುದು. ನಾಳೆ ಬನ್ನಿ ಎಂದು ಹೇಳತಕ್ಕದ್ದಲ್ಲ.

೫. ನಿನ್ನೆ ತಪಾಸಣೆಗೆಂದು ಬಂದ ಮೇಲಿನ ಕಚೇರಿಯ ಅಧಿಕಾರಿಗಳು ಮೊದಲ ಮಿಡತೆಗೆಂದು ತಗ್ಗಿಸಿದ ತಲೆಯನ್ನು ಬಹಳ ಹೊತ್ತು ಎತ್ತಲಿಲ್ಲ. ಅವರ ತಾಯಿ ತೀರಿಕೊಂಡು ಇನ್ನೂ ತಿಂಗಳಾಗಿಲ್ಲವೆಂದು ಜೀಪಿನ ಚಾಲಕರಿಂದ ತಿಳಿದುಬಂದಿರುತ್ತದೆ. ನಿಮಿಷ ಮುಗಿಯಿತೆಂದು ಗಂಟೆ ಬಾರಿಸುವುದನ್ನು ತಡೆಹಿಡಿಯಲಾಯಿತು. ಸರತಿಯಲ್ಲಿದ್ದವರೂ ಕೂಗಲಿಲ್ಲ. ಅತ್ತೆಯವರು ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡು, “ನಿಧಾನಕ್ಕೆ ಉಣ್ಣು ಮಗಾ, ಬಿಸಿ ಮಾಡಿ ತರ್ತೀನಿ” ಎಂದರು. ಅಧಿಕಾರಿಗಳನ್ನು ಏಕವಚನದಲ್ಲಿ ಸಂಬೋಧಿಸಿದ ಬಗ್ಗೆ ಕ್ರಮ ಅಗತ್ಯವಿಲ್ಲವೆಂದು ತೀರ್ಮಾನಿಸಲಾಗಿದೆ.

೬. ಬಿಸಿ ತಟ್ಟೆ ಬಂದೊಡನೆ ಅಧಿಕಾರಿಗಳು ಕಣ್ಣೊರೆಸಿಕೊಂಡು ಒಂದೇ ಸಮನೆ ಉಂಡು, ಇನ್ನಷ್ಟು ಕೇಳಿದರು. ಅವರನ್ನು ನೋಡಿ ಸಿಬ್ಬಂದಿಯೂ ಆ ಒಂದೇ ಮೌನಕ್ಕೆ ಮುಗಿಸಿ ಉಂಡರು. ತಟ್ಟೆಗಳಲ್ಲಿ ಒಂದು ಕಾಲೂ ಉಳಿಯದೆ ತೊಳೆಯುವವರಿಗೆ ಕೆಲಸವೇ ಇರಲಿಲ್ಲ. ಕ್ಯಾಂಟೀನ್ ಮುಂದುವರಿಯುತ್ತದೆ, ಅತ್ತೆಯವರೂ.

೭. ಆದ್ದರಿಂದ ಹಳೆಯ ಸುತ್ತೋಲೆಯನ್ನು ತಿದ್ದಿ, ಒಂದು ತಟ್ಟೆಗೆ ಒಂದೇ ಮೌನವೆಂದು ಆದೇಶಿಸಲಾಗಿದೆ. ಅದರಲ್ಲಿ ಯಾರನ್ನು ನೆನೆಯಬೇಕೆಂಬುದು ಉಣ್ಣುವವರಿಗೆ ಬಿಟ್ಟದ್ದು, ಮಿಡತೆಗಳು ಆಕ್ಷೇಪಿಸಿಲ್ಲ. ಮೌನವನ್ನು ಗಡಿಯಾರ ನೋಡಿ ಅಳೆಯತಕ್ಕದ್ದಲ್ಲ. ಮುಗಿದ ಮೇಲೆ ಬಿಸಿಯಿರುವಾಗಲೇ ಉಣ್ಣುವುದು ಕಡ್ಡಾಯ.

(ಸಹಿ)
ಹಿರಿಯ ಅಧೀಕ್ಷಕರು
(ಊಟ ಮತ್ತು ಇತರೆ)

ಪ್ರತಿಗಳು:
೧. ಅತ್ತೆಯವರಿಗೆ, ಒಲೆಯಿಂದ ದೂರದಲ್ಲಿ ಅಂಟಿಸಲು.
೨. ಸರತಿಯಲ್ಲಿರುವ ಸಾರ್ವಜನಿಕರಿಗೆ, ಗಟ್ಟಿಯಾಗಿ ಓದಿ ಹೇಳಲು.
೩. ಮಿಡತೆ ಪೆಟ್ಟಿಗೆಗೆ, ಹೊರಮೈಗೆ ಮಾತ್ರ. ಅಕ್ಷರಗಳು ಒಳಗೆ ಕಾಣದಂತೆ.
೪. ಮೇಲಿನ ಕಚೇರಿಯ ಅಧಿಕಾರಿಗಳಿಗೆ, ತಪಾಸಣೆಯಿಲ್ಲದ ದಿನಗಳಲ್ಲೂ ಊಟಕ್ಕೆ ಬರಲು.