ಚಿಕ್ಕಪ್ಪನ ಆಲಿವ್ ಕ್ರೀಮು

ನನ್ನ ಚಿಕ್ಕಪ್ಪನಿಗೆ ತಲೆ ಕೆಟ್ಟಿಲ್ಲ. ಹಾಗಂತ ನಾವು ಮನೆಯವರು ಆಗಾಗ ಊರವರಿಗೆ ಹೇಳಬೇಕಾಗುತ್ತದೆ, ಅಷ್ಟೇ!

ರಾಮನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ಪೇಪರ್ ಓದಿಕೊಂಡು ತೆಪ್ಪಗಿರಬಹುದಿತ್ತಲ್ಲ? ಕೊರಿಯರಿನಲ್ಲಿ ಒಂದು ಪೊಟ್ಟಣ ತರಿಸಿದ. ಒಳಗೆ ಮೇಣದಂಥ ಬಿಳಿ ಚೂರುಗಳು.

“ಆಲಿವ್ ಎಣ್ಣೆಯಿಂದ ಮಾಡಿರೋದು ಕಣ್ಲಾ. ನೀರು, ಎಣ್ಣೆ ಎರಡನ್ನೂ ಒಂದು ಮಾಡ್ತದೆ. ಚರ್ಮ ಬೆಣ್ಣೆ ಆಯ್ತದೆ!”

ಆಲಿವ್ ಮರವನ್ನು ಅವನೂ ನೋಡಿಲ್ಲ, ಅವನ ತಾತನೂ ನೋಡಿಲ್ಲ. ಆದರೂ ಹಿತ್ತಲಲ್ಲೇ ಬೆಳೆದು ಕೊಯ್ದು ತಂದಂಥ ಗತ್ತು!

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಅದರಲ್ಲಿ ಅರ್ಧವನ್ನು ಪೇಪರ್ ಅವಲಕ್ಕಿ ಎಂದುಕೊಂಡು ಒಗ್ಗರಣೆಗೆ ಸುರಿದಳು. ಕಣ್ಣೆದುರೇ ಕರಗಿ ಮಾಯ!

“ಏನ್ರೀ, ಅವಲಕ್ಕಿ ಎಲ್ಲೋಯ್ತು?”

“ಎಷ್ಟು ಡಿಗ್ರೀಲಿ ಕರಗ್ತು, ನೋಡ್ಕಂಡ್ಯಾ?”

ಅಂದು ಆ ಮನೆಯಲ್ಲಿ ತಿಂಡಿ ಇರಲಿಲ್ಲ.

ಉಳಿದ ಚೂರುಗಳನ್ನಿಟ್ಟುಕೊಂಡು ಚಿಕ್ಕಪ್ಪ ಕ್ರೀಮು ಮಾಡಲು ಕೂತ. ಮೊದಲ ನಾಲ್ಕು ಸಲ ಎಣ್ಣೆ ಮೇಲೆ, ನೀರು ಕೆಳಗೆ. ಐದನೆಯ ಸಲ ಎರಡೂ ಸೇರಿ ಕ್ರೀಮಾಯಿತು. ಅಲ್ಲಿಂದಾಚೆ ಯಾರ ಚರ್ಮಕ್ಕೂ ಉಳಿಗಾಲವಿಲ್ಲ! ಹಾಲಿನವನು, ಕರೆಂಟ್ ಮೀಟರ್ ಓದುವವನು, ಎಲ್ಲರೂ ಕೈ ಚಾಚಲೇಬೇಕು. ಕಬ್ಬಾಳಿಗೆ ಹೋಗುವ ಬಸ್ಸಿನಲ್ಲಿ, ಪಕ್ಕದಲ್ಲಿ ನಿಂತಿದ್ದವನಿಗೆ “ಒಸಿ ಅಂಗೈ ಕೊಡಿ” ಎಂದು ಹಚ್ಚಿಯೇ ಬಿಟ್ಟ. ಡ್ರೈವರ್ ಬ್ರೇಕ್ ಹಾಕಿದ. ಕಂಬಿ ಹಿಡಿಯಹೋದ ಆ ಪುಣ್ಯಾತ್ಮ ಸರ್ರನೆ ಜಾರಿ ನನ್ನ ತೊಡೆಯ ಮೇಲೆ ಬಂದು ಕೂತ!

“ಜಿಡ್ಡು ಕಮ್ಮಿ ಮಾಡ್ಬೇಕು” ಎಂದು ಚಿಕ್ಕಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕ್ಷಮೆ ಕೇಳಿದ್ದು ನಾನು.

ಮೊನ್ನೆ ಅವನ ಜೊತೆ ರೇಷನ್ ಅಂಗಡಿಗೆ ಹೋಗಬೇಕಾಯಿತು. ಅವನ ಅಕ್ಕ, ಅಂದರೆ ನನ್ನ ಸೋದರತ್ತೆಯೂ ಬಂದಿದ್ದಳು. ವರ್ಷಗಟ್ಟಲೆ ಕುದಿನೀರಿನ ಗೂಡುಗಳಿಂದ ರೇಷ್ಮೆ ಎಳೆ ತೆಗೆದವಳು. ಬೆರಳು ಒಡೆದು, ಗೆರೆ ಸವೆದು, ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. ಚಿಕ್ಕಪ್ಪ ದಿನಾ ಎರಡು ಹೊತ್ತು ಅವಳ ಮನೆಗೆ ಹೋಗಿ ಕ್ರೀಮು ತಿಕ್ಕುತ್ತಿದ್ದನಂತೆ. ನಮಗ್ಯಾರಿಗೂ ಹೇಳಿರಲಿಲ್ಲ.

ಅವತ್ತೂ ಮಿಷನ್ನು ಎರಡು ಸಲ ಬೇಡವೆಂದಿತು.

“ಆಗಕಿಲ್ಲ ಕಣಮ್ಮ, ನಾಳೆ ಬನ್ನಿ” ಎಂದ ಅಂಗಡಿಯವನು.

ಚಿಕ್ಕಪ್ಪ ಬಗ್ಗಿ, ಪಂಚೆಯ ತುದಿಯಿಂದ ಅವಳ ಹೆಬ್ಬೆಟ್ಟನ್ನು ಮೆಲ್ಲಗೆ ಒರೆಸಿ, ತಾನೇ ಹಿಡಿದು ಒತ್ತಿಸಿದ. ಮಿಷನ್ನು ಕುಂಯ್ ಎಂದಿತು. ಪರದೆಯ ಮೇಲೆ ಅತ್ತೆಯ ಹೆಸರು!

“ನಾನೇ ಅಂತ ಒಪ್ಕಂಡ್ತೇನ್ಲಾ?” ಎಂದಳು ಅತ್ತೆ.

ಅಕ್ಕಿ ಚೀಲವನ್ನು ನಾನೇ ಹೊತ್ತುಕೊಂಡೆ. ಚಿಕ್ಕಪ್ಪನ ಎರಡೂ ಕೈ ಅಕ್ಕನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.